ಹದಿನಾಲ್ಕು ಎಳೆ ದಾರ

ನನ್ನ ದೊಡ್ಡಮ್ಮ ಲಿಫ್ಟ್ ಹತ್ತುವವಳಲ್ಲ. ಬಾಗಿಲು ಮುಚ್ಚಿದ ಡಬ್ಬಿ ಎಂದರೆ ಅವಳ ಜೀವ ಬಾಯಿಗೆ ಬರುತ್ತದೆ. ನಾನು ಕೆಲಸ ಮಾಡುವ ಟ್ರಾವೆಲ್ ಆಫೀಸಿಗೂ ನಾಲ್ಕು ಮಹಡಿ ನಡೆದೇ ಹತ್ತಿ ಬಂದು, ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕುಸಿದಳು. ಅಂಥವಳು ಈಗ ವಿಮಾನ ಹತ್ತಬೇಕಿತ್ತು. ದೂರದ ಊರಿನಲ್ಲಿ ನರ್ಸ್ ಆಗಿರುವ ನನ್ನ ಅಮ್ಮನ ಎರಡೂ ಕಿಡ್ನಿ ಕೈಕೊಟ್ಟಿದ್ದವು. ನನ್ನದು ಹೊಂದಲಿಲ್ಲ, ಅವಳ ಅಕ್ಕನಾದ ಈ ದೊಡ್ಡಮ್ಮನದು ಹೊಂದಿತು.

“ಎಷ್ಟೊತ್ತೇ ಪ್ರಯಾಣ?”

ನಾನು ಬಾಯಿ ತೆರೆಯುವ ಮೊದಲೇ ಅವಳು ಕನ್ನಡಕ ಏರಿಸಿ ಟಿಕೆಟ್ ಓದಿದಳು. “ಬೆಳಗ್ಗೆ ಆರಕ್ಕೆ ಹೊರಡುತ್ತೆ, ಅದೇ ದಿನ ಬೆಳಗ್ಗೆ ಎಂಟಕ್ಕೆ ತಲುಪುತ್ತೆ. ಎರಡೇ ಗಂಟೆ! ಹೇಗೋ ಕಣ್ಣು ಮುಚ್ಚಿ ಕೂತಿರ್ತೀನಿ ಬಿಡು.”

ಆ ಎಂಟು ಅಲ್ಲಿಯ ಎಂಟು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಹೆಚ್ಚುಕಡಿಮೆ ಹನ್ನೆರಡು ಗಂಟೆ ಹಿಂದೆ. ದೂರ ಹನ್ನೆರಡೂವರೆ ಸಾವಿರ ಕಿಲೋಮೀಟರ್, ಪ್ರಯಾಣ ಹದಿನಾಲ್ಕು ಗಂಟೆ. ದಿನಕ್ಕೆ ಹತ್ತು ಜನರಿಗೆ ಇದನ್ನೇ ಬಿಡಿಸಿ ಹೇಳುವ ನಾನು ಅಂದು ಬಾಯಿಗೆ ಬೀಗ ಹಾಕಿಕೊಂಡೆ. ಇವಳು ಹೆದರಿ ಹಿಂದೆ ಸರಿದರೆ ಅಮ್ಮ ನನ್ನ ಪಾಲಿಗೆ ಉಳಿಯುವುದಿಲ್ಲ. ನಾಚಿಕೆಯಾಯಿತು, ಆದರೂ ಟಿಕೆಟ್ ಮಡಿಸಿ ಅವಳ ಕೈಗಿಟ್ಟೆ.

ಹೊರಡುವ ಮುನ್ನಾದಿನ ತಡೆಯಲಾಗದೆ ಅವಳ ಹೊಲಿಗೆ ಅಂಗಡಿಗೆ ಹೋದೆ. ಅವಳು ಟೇಪು ಹಿಡಿದು ಕೆಂಪು ದಾರವನ್ನು ಒಂದೇ ಉದ್ದಕ್ಕೆ ಕತ್ತರಿಸುತ್ತಿದ್ದಳು. ಪಕ್ಕದಲ್ಲಿ ಅಂಚು ಹೊಲಿಯದ ಕೆಂಪು ಉಣ್ಣೆಯ ಕೋಟು.

“ದೊಡ್ಡಮ್ಮಾ, ತಪ್ಪಾಯ್ತು. ಅದು ಎರಡು ಗಂಟೆ ಅಲ್ಲ…”

“ಹದಿನಾಲ್ಕು,” ಎಂದಳು ತಲೆ ಎತ್ತದೆ. “ನಾನು ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋವಾಗ ನಿಮ್ಮಮ್ಮ ಫೋನ್ ಮಾಡಿ, ಮಲಗ್ತೀನಿ ಅಕ್ಕಾ ಅಂತಾಳೆ. ನಿನ್ನ ಆಫೀಸಿನ ಮೆಟ್ಟಿಲು ಇಳಿಯೋವಾಗ ಅದು ನೆನಪಾಯ್ತು. ಮೂವತ್ತು ವರ್ಷ ಊರವರ ಸೊಂಟ ಅಳೆದವಳಿಗೆ ಇಷ್ಟು ಲೆಕ್ಕ ಬರಲ್ವಾ?”

“ಮತ್ತೆ ಯಾಕೆ ನನ್ನನ್ನ ಬೈಲಿಲ್ಲ?”

“ಅಲ್ಲೇ ನಿಜ ಹೇಳಿದ್ರೆ ಎದ್ದು ಓಡಿಬಿಡ್ತಿದ್ದೆ ಕಣೇ. ನಿನ್ನ ಹೊಟ್ಟೆಯ ಸಂಕಟ ನಂಗೊತ್ತಿಲ್ವಾ?” ಎಳೆಗಳನ್ನು ಎಣಿಸಿ ನನ್ನ ಮುಂದೆ ಹಿಡಿದಳು. “ಒಂದು ಎಳೆ ಹೊಲಿಯೋಕೆ ಒಂದು ಗಂಟೆ. ಹದಿನಾಲ್ಕು ಎಳೆ. ಕತ್ತರಿ ವಿಮಾನದೊಳಗೆ ಬಿಡಲ್ವಂತೆ, ತುದಿ ಕಡಿಯೋಕೆ ಹಲ್ಲಿದೆ. ಕೈಗೆ ಕೆಲಸ ಇದ್ರೆ ಬಾಗಿಲು ಮುಚ್ಚಿದ್ದು ಮರೆತುಹೋಗುತ್ತೆ.”

ನನಗೆ ಅಳು ಬಂತು. ಅವಳು ಕೋಟನ್ನು ನನ್ನಿಂದ ದೂರ ಎಳೆದುಕೊಂಡು, ಉಣ್ಣೆ ಒದ್ದೆ ಮಾಡಬೇಡ ಎಂದು ಗದರಿದಳು.

ಮರುದಿನ ಸಂಜೆಯೆಲ್ಲ ಫೋನ್ ಹಿಡಿದೇ ಕೂತಿದ್ದೆ. ಒಂಬತ್ತರ ಹೊತ್ತಿಗೆ ಅದು ರಿಂಗಾಯಿತು.

“ತಲುಪಿದೆ ಕಣೇ. ನಿಮ್ಮಮ್ಮ ಕರ್ಕೊಂಡು ಹೋಗೋಕೆ ಬಂದಿದ್ದಾಳೆ. ಹನ್ನೊಂದೇ ಎಳೆ ಖರ್ಚಾಯ್ತು.”

“ಉಳಿದ ಮೂರು ಗಂಟೆ?”

“ಮೊದಲ ಮೂರು ಗಂಟೆ ಕೈ ನಡುಗ್ತಿತ್ತು. ಸೂಜಿ ಹಿಡಿಯೋಕೇ ಆಗ್ಲಿಲ್ಲ.”

ಹಿಂದಿನಿಂದ ಅಮ್ಮನ ಸಣ್ಣ ದನಿ ಕೇಳಿತು. “ಅಕ್ಕಾ, ಈ ಕೋಟು ನನಗೆ ಬಹಳ ಸಡಿಲ ಆಯ್ತಲ್ಲೇ!”

“ಸಡಿಲ ಏನೂ ಇಲ್ಲ,” ಎಂದಳು ದೊಡ್ಡಮ್ಮ. “ಅದು ನಿನ್ನ ಇವತ್ತಿನ ಅಳತೆ ಅಲ್ಲ. ಹುಷಾರಾಗಿ ಮೈಕೈ ತುಂಬ್ಕೋತೀಯಲ್ಲ, ಆಗಿನದು.”