ಬಟ್ಟೆ ಬಡಿಯುವ ದಿಂಡಿನ ಮೇಲೆ ಮುನ್‌ಸಿಕ್‌ನ ಹಾಡು

ತೆಬೆಕ್ ಊರಲ್ಲಿ ನಮ್ಮ ಕಲ್ಲಿದ್ದಲ ಗಣಿ ಮುಚ್ಚಿದ ವರ್ಷ ಪಿಲ್‌ಜುಂಗ್‌ಗೆ ನಾಲ್ಕು ಹೆಜ್ಜೆ ನಡೆದರೂ ಏದುಸಿರು ಬರುತ್ತಿತ್ತು. ಎದೆಯೊಳಗೆ ಗಣಿಯ ದೂಳು ಕಲ್ಲಾಗಿ ಕೂತಿದೆ ಎಂದಿದ್ದರು ಡಾಕ್ಟರು. ಕೈಕಾಲು ಆಡುವಾಗಲೇ ಅವನೊಂದು ಕೆಲಸ ಮುಗಿಸಬೇಕಿತ್ತು.

ಅವನ ಜೊತೆ ಕಲ್ಲಿದ್ದಲು ಕಡಿಯುತ್ತಿದ್ದ ಮುನ್‌ಸಿಕ್ ಸುರಂಗ ಕುಸಿದು ಸತ್ತಿದ್ದ. ಮದುವೆಗೆ ಮುಂಚೆ ಅವನು ಸೋಲ್ ನಗರದ ಅಂಗಡಿಯೊಂದರಲ್ಲಿ ಹಾಡಿ, ಅದನ್ನು ರೆಕಾರ್ಡಿಗೆ ಕೊರೆಸಿಕೊಂಡಿದ್ದ. ಆ ರೆಕಾರ್ಡು ಹೆಂಡತಿ ಒಕ್‌ಬುನ್‌ಳ ಪೆಟ್ಟಿಗೆಯಲ್ಲಿತ್ತು. ನುಡಿಸುವ ಯಂತ್ರ ಆ ಮನೆಗೆ ಬಂದೇ ಇರಲಿಲ್ಲ. ಹಾಡನ್ನು ಅವಳು ಕೇಳಿಯೇ ಇರಲಿಲ್ಲ.

ಪಿಲ್‌ಜುಂಗ್ ಸಿಕ್ಕಿದ್ದರಲ್ಲೇ ಯಂತ್ರ ಕಟ್ಟಿದ. ಸುರಂಗದ ಮಾಡಿಗೆ ಆನಿಸುವ ಪೈನ್ ದಿಮ್ಮಿ ಸೀಳಿ ಪೀಠ ಮಾಡಿದ. ಊಟದ ಮಣೆಯ ಗುಂಡು ಹಲಗೆ ತಿರುಗುವ ತಟ್ಟೆಯಾಯಿತು. ಅದರ ಅಡಿಗೆ ಕಲ್ಲಿದ್ದಲು ಬಂಡಿಯ ಚಕ್ರದಿಂದ ಕಿತ್ತ ಉಕ್ಕಿನ ಗುಂಡು. ರೆಕಾರ್ಡಿನ ಮೇಲೆ ಓಡುವ ಮುಳ್ಳನ್ನು ಹಿಡಿಯುವ ಕೈಗೆ ಗಾಳದ ಬಿದಿರು, ತೂಕಕ್ಕೆ ಬಲೆಯ ಸೀಸ. ಹಳೆ ಫ್ಯಾನಿನ ಮೋಟರು ನೈಲಾನ್ ದಾರದಿಂದ ತಟ್ಟೆಯನ್ನು ಎಳೆಯುತ್ತಿತ್ತು.

ಹೊತ್ತುಕೊಂಡು ಹೋದಾಗ ಒಕ್‌ಬುನ್ ಬಾಗಿಲಲ್ಲೇ ತಡೆದಳು.

“ಇದ್ಯಾವ ಮರ?”

“ಗಣೀದು, ಅತ್ತಿಗೆ. ಸುಮ್ನೆ ಬಿದ್ದಿತ್ತು.”

“ಆಚೆ ಇಡು. ಅವರ ತಲೆ ಮೇಲಿನ ಬಂಡೆ ತಡೀಲಿಲ್ಲ ಈ ಮರ. ಈಗ ಅವರ ಹಾಡು ಹೊರುತ್ತಂತಾ?”

“ಅದೇ ದಿಮ್ಮಿ ಅಲ್ಲ ಅತ್ತಿಗೆ…”

“ನಿನಗೇನು ಗೊತ್ತು? ಅವತ್ತು ನೀನು ರಜೆ ಹಾಕಿ ಮಲಗಿದ್ದೆ.”

ನಿಜವೇ ಆಗಿತ್ತು. ಪಿಲ್‌ಜುಂಗ್ ಹೊಸ್ತಿಲ ಮೇಲೆ ಕುಸಿದು ಕೂತು ಕೆಮ್ಮತೊಡಗಿದ. ಕೆಮ್ಮು ನಿಲ್ಲಲಿಲ್ಲ. ಒಕ್‌ಬುನ್ ಒಳಹೋಗಿ, ಅತ್ತೆಯ ಕಾಲದ ಬಟ್ಟೆ ಬಡಿಯುವ ಮರದ ದಿಂಡನ್ನು ತಂದು ಅವನ ಮುಂದೆ ಕುಕ್ಕಿದಳು.

“ಇದರ ಮೇಲೆ ಮಾಡು. ಮೊದಲು ಗಂಜಿ ಕುಡಿ, ಒಳ್ಳೆ ದೆವ್ವದ ಹಾಗಿದ್ದೀಯ.”

ಪೀಠ ಬದಲಾಯಿತು. ರೇಡಿಯೋಗೆ ತಂತಿ ಜೋಡಿಸಿ ಮುಳ್ಳು ಇಳಿಸಿದಾಗ ದಪ್ಪನೆಯ, ದಣಿದ ಗಂಡಸಿನ ದನಿ ಹೊರಬಂತು. ಒಕ್‌ಬುನ್ ನಿಂತಲ್ಲೇ ಕೂತಳು.

“ತಾಳಿ, ನಿಧಾನ ತಿರುಗ್ತಿದೆ,” ಎನ್ನುತ್ತ ಪಿಲ್‌ಜುಂಗ್ ವೇಗ ಹೆಚ್ಚಲೆಂದು ಮೋಟರಿನ ಕಡ್ಡಿಗೆ ಟೇಪು ಸುತ್ತಿ ದಪ್ಪ ಮಾಡಿ ಮತ್ತೆ ಹಾಕಿದ. ಈ ಸಲ ಯಾವನೋ ತರುಣ ಉಲ್ಲಾಸದಿಂದ ಹಾಡಿದ.

“ಇದೇ ಸರಿಯಾದ್ದು ಅತ್ತಿಗೆ.”

“ಇವನ್ಯಾರೋ ನನಗೆ ಗೊತ್ತಿಲ್ಲ. ಟೇಪು ಬಿಚ್ಚು. ಕೆಲಸ ಮುಗಿಸಿ ಬಂದು ಅನ್ನ ಹಾಕು ಅಂತಿದ್ದರಲ್ಲ, ಅವರು ಬೇಕು ನನಗೆ.”

ಅವನು ಬಿಚ್ಚಿದ.

ಅಂಥ ರೆಕಾರ್ಡಿನ ಮೈ ಮೆದು, ನುಡಿಸಿದಷ್ಟೂ ಸವೆಯುತ್ತದೆ ಎಂದೂ ಎಚ್ಚರಿಸಿದ. ಅವಳು ದಿನಾ ಹಾಕಿದಳು. ಹಿಮ ಬೀಳುವ ಮೊದಲೇ ಪಿಲ್‌ಜುಂಗ್ ಆಸ್ಪತ್ರೆ ಸೇರಿದ; ಮರಳಿ ಬರಲಿಲ್ಲ. ಅವನನ್ನು ಮಣ್ಣು ಮಾಡಿ ಬಂದ ನಮಗೆಲ್ಲ ಒಕ್‌ಬುನ್ ತನ್ನ ಮನೆಯಲ್ಲಿ ಬಿಸಿ ಸಾರು, ಅನ್ನ ಬಡಿಸಿದಳು. ಮೂಲೆಯಲ್ಲಿ ರೆಕಾರ್ಡು ತಿರುಗುತ್ತಿತ್ತು. ಹಾಡು ಪೂರ್ತಿ ಸವೆದುಹೋಗಿ, ರೇಡಿಯೋದಿಂದ ಬರುತ್ತಿದ್ದದ್ದು ಬರೀ ಕರಕರ ಸದ್ದು. ಅದು ಮುಗಿದಾಗ ಒಕ್‌ಬುನ್ ಎದ್ದು ಮುಳ್ಳನ್ನು ಮತ್ತೆ ಮೊದಲಿಗೆ ಇಟ್ಟಳು.