ಕೋರ್ಟು ಏಳುವವರೆಗೆ

ಕಮಲಕ್ಕನ ಬಾಣಂತನ ಮುಗಿದು ಅವಳು ಹರಿಹರಕ್ಕೆ, ಗಂಡನ ಮನೆಗೆ ಹೊರಡುವ ದಿನ ಸೋಮವಾರ ಎಂದು ಗೊತ್ತಾಗಿತ್ತು. ಮಗುವಿಗೆ ಐದು ತಿಂಗಳು. ತವರಿನಿಂದ ಕೊಡುವ ತೊಟ್ಟಿಲಿಗೆ ಹಸಿರು ಬಣ್ಣ ಬಳಿದು ಪಡಸಾಲೆಯಲ್ಲಿ ಒಣಗಲು ಇಟ್ಟಿದ್ದರು. ತಾಯಿ ನೀಲಕ್ಕ ಶೇಂಗಾ, ಒಣಕೊಬ್ಬರಿ, ಬೆಲ್ಲದ ಗಂಟು ಕಟ್ಟಿ ಮುಗಿಸಿದ್ದಳು. ಆದರೆ ಕಮಲಕ್ಕ ಒಂದೇ ಹಠ ಹಿಡಿದು ಕೂತಿದ್ದಳು. ಅಪ್ಪ ಜೊತೆಗೆ ಬರದಿದ್ದರೆ ತಾನು ಗಾಡಿ ಹತ್ತುವುದಿಲ್ಲ.

"ಮದುವೆಯಾಗಿ ಎರಡು ವರ್ಷ ಆತು. ಒಂದು ದಿನ ನಮ್ಮನೆ ಹೊಸ್ಲು ತುಳಿದಿಲ್ಲ ನೀನು. ನಮ್ಮತ್ತೆ ನೀರು ಸೇದುವಾಗೆಲ್ಲ ಕೇಳ್ತಾಳೆ, ನಿಮ್ಮಪ್ಪಗೆ ನಮ್ಮನೆ ನೀರು ಆಗಿಬರಲ್ಲೇನೇ ಅಂತ. ನಾನೇನು ಹೇಳ್ಲಿ?"

"ಮಂಡಿ ನೋವು ಕಣವ್ವ," ಎಂದ ಏಕಾಂತಪ್ಪ.

"ದಾವಣಗೆರೆಗೆ ಹತ್ತಿ ಹೊಡ್ಕಂಡು ಹೋಗುವಾಗ ಮಂಡಿ ಮನೇಲಿಟ್ಟು ಹೋಗ್ತೀಯೇನು?"

ಅಂಗಳದಲ್ಲಿ ಹಗ್ಗ ಹೊಸೆಯುತ್ತಿದ್ದ ತಮ್ಮ ಸಣ್ಣತಿಮ್ಮಪ್ಪ ನಕ್ಕುಬಿಟ್ಟ. ಏಕಾಂತಪ್ಪ ಅವನ ಕಡೆ ತಿರುಗಿದ.

"ನೀನು ನಗಬ್ಯಾಡಲೇ. ಬಿತ್ತೋ ದಿನ ಕೂರಿಗೆ ಬಿಟ್ಟು ನೆಂಟರ ಮನೆ ಊಟ ಹುಡುಕ್ಕಂಡು ಹೋದೋನು ನೀನು."

ಈ ಮಾತು ಆ ಮನೆಯಲ್ಲಿ ಹಳೆಯದು. ಯಾವ ವರ್ಷವೋ ಒಂದು ಬಿತ್ತನೆಯ ದಿನ ಸಣ್ಣತಿಮ್ಮಪ್ಪ ಬೆಳಗಾಗುವ ಮುಂಚೆ, ನೆಂಟರ ಮನೆಗೆ ಹೋಗಿಬರುತ್ತೇನೆಂದು ಅತ್ತಿಗೆಗೆ ಹೇಳಿ ಹೋದವನು ದೀಪ ಹಚ್ಚುವ ಹೊತ್ತಿಗೆ ಬಂದಿದ್ದ. ಅಂದಿನಿಂದ ಎತ್ತಿಗೆ ನೀರು ಕುಡಿಸಲು ತಡವಾದರೂ, ಸಾರಿಗೆ ಉಪ್ಪು ಹೆಚ್ಚೆಂದು ಅವನು ಹೇಳಿದರೂ, ಅಣ್ಣ ಇದೇ ಮಾತನ್ನು ಎತ್ತಿ ಆಡುತ್ತಿದ್ದ. ಸಣ್ಣತಿಮ್ಮಪ್ಪ ಎಂದೂ ಎದುರು ಹೇಳಿದವನಲ್ಲ. ಈಗಲೂ ತಲೆ ತಗ್ಗಿಸಿ ಹಗ್ಗ ಹೊಸೆದ. ಚಿಕ್ಕಂದಿನಲ್ಲಿ ಕಬ್ಬಿನ ಗಾಣಕ್ಕೆ ಸಿಕ್ಕು ಅವನ ಎಡಗೈ ಹೆಬ್ಬೆರಳಿನ ತುದಿ ಹೋಗಿತ್ತು. ಆ ಮೊಂಡು ಬೆರಳಿನಲ್ಲೇ ಅವನು ಹೊಸೆದ ಹಗ್ಗ ಅವರ ಊರು ಕುಕ್ಕುವಾಡದಲ್ಲೆಲ್ಲ ಗಟ್ಟಿ ಎಂದು ಹೆಸರಾಗಿತ್ತು.

ಏಕಾಂತಪ್ಪ ಹರಿಹರಕ್ಕೆ ಹೋಗದಿದ್ದುದಕ್ಕೆ ಮಂಡಿ ಕಾರಣವಲ್ಲ. ಹಿಂದೊಮ್ಮೆ ಹರಿಹರದ ದನದ ಸಂತೆಯಿಂದ ಅವನ ಎತ್ತು ಹಗ್ಗ ಹರಿದುಕೊಂಡು ಯಾರದೋ ತೋಟಕ್ಕೆ ನುಗ್ಗಿತ್ತು. ಅದನ್ನು ಸರ್ಕಾರಿ ದೊಡ್ಡಿಗೆ ಹಾಕಿದ್ದರು. ಹುಡುಕಿಕೊಂಡು ಹೋಗಿ ನೋಡಿದರೆ ಎತ್ತು ಬಾಯಾರಿ ನಾಲಿಗೆ ಹೊರಗೆ ಹಾಕಿ ನಿಂತಿತ್ತು. ಕಾವಲಿನ ಮಾರಣ್ಣ ಊಟಕ್ಕೆ ಹೋಗಿದ್ದ. ಏಕಾಂತಪ್ಪ ಹಿಂದೆಮುಂದೆ ನೋಡದೆ ಬಾಗಿಲನ್ನೇ ಕಿತ್ತಿಟ್ಟು ಎತ್ತನ್ನು ಹೊಳೆಗೆ ಹೊಡೆದುಕೊಂಡು ಹೋದ. ಕೇಸಾಯಿತು. ಆಗ ಸಣ್ಣ ಕೇಸುಗಳನ್ನು ವಿಚಾರಿಸುತ್ತಿದ್ದ ಹರಿಹರದ ಅಮಲ್ದಾರರ ಕಚೇರಿಗೆ ಬರಬೇಕೆಂದು ಚೀಟಿ ಬಂತು. ಹೊರಡಬೇಕಾದ ದಿನದ ಹಿಂದಿನ ಸಂಜೆ ರೋಹಿಣಿ ಮಳೆ ಹದವಾಗಿ ಸುರಿಯಿತು. "ಅಮಲ್ದಾರರು ನಾಳೆನೂ ಇರ್ತಾರೆ, ಹದ ಇರಲ್ಲ," ಎಂದು ಏಕಾಂತಪ್ಪ ಜೋಳ ಬಿತ್ತಲು ಹೋದ. ಮರುದಿನ ಹೋಗಲು ಹೆದರಿಕೆಯಾಯಿತು, ಅದರ ಮರುದಿನ ಇನ್ನಷ್ಟು. ಊರು ಆ ಮಾತನ್ನು ಮರೆಯಿತು, ನೀಲಕ್ಕನೂ ಮರೆತಳು. ಅವನೊಬ್ಬ ಮಾತ್ರ ಮರೆಯಲಿಲ್ಲ. ಹರಿಹರದಲ್ಲಿ ಕಾಲಿಟ್ಟರೆ ವಾರಂಟು ಹಿಡಿದ ಪೊಲೀಸಿನವನು ಬೀಗರ ಮನೆಯ ಬಾಗಿಲಲ್ಲೇ ರಟ್ಟೆ ಹಿಡಿಯುತ್ತಾನೆ, ಮಗಳ ಮಾನ ಹೋಗುತ್ತದೆ ಎಂದು ಅವನ ಲೆಕ್ಕ. ಇದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಗುರುವಾರ ಬೆಳಗ್ಗೆ, ಹೊಲದಿಂದ ಹಸಿ ಕಡಲೆ ಗಿಡದ ಒಂದು ಕಟ್ಟು ಕಿತ್ತುಕೊಂಡು, ದಾವಣಗೆರೆಯ ಬಸ್ಸು ಹತ್ತಿದ.

ಕೋರ್ಟಿನ ಹಿಂಬದಿಯಲ್ಲಿ ಹಳೆಯ ಕಡತಗಳ ಕೋಣೆ. ಅಲ್ಲಿಯ ಗುಮಾಸ್ತ ಬಕ್ಕೇಶಪ್ಪ ಹಣೆತುಂಬ ವಿಭೂತಿ ಹಚ್ಚಿದ, ಕನ್ನಡಕದ ಒಂದು ಕಡ್ಡಿಗೆ ದಾರ ಕಟ್ಟಿಕೊಂಡಿದ್ದ ಮನುಷ್ಯ. ಏಕಾಂತಪ್ಪ ಬಾಗಿಲಲ್ಲಿ ನಿಂತ.

"ಒಳಗೆ ಬರ್ರಿ. ಯಾಕ ಒಂದು ಕಾಲು ಹೊರಗೆ ಇಟ್ಕಂಡೀರಿ?"

"ಇರ್ಲಿ ಸ್ವಾಮಿ, ಕಾಲು ಧೂಳಾಗೈತೆ. ನಮ್ಮೂರಾಗೆ ಒಬ್ಬ ಅದಾನೆ. ಅವಂದೊಂದು ಹಳೇ ಕೇಸು. ಅದು ಇನ್ನೂ ಐತೋ, ಹೋತೋ, ತಿಳೀಬೇಕಿತ್ತು."

"ಅವನ ಹೆಸರು?"

"ಏಕಾಂತಪ್ಪ. ಕುಕ್ಕುವಾಡ."

"ನಿಮ್ಮದು?"

ಏಕಾಂತಪ್ಪ ಕಡಲೆ ಕಟ್ಟನ್ನು ಬಲಗೈಯಿಂದ ಎಡಗೈಗೆ ತೆಗೆದುಕೊಂಡ. "ಕೆಂಚವೀರಪ್ಪ."

"ಆ ಏಕಾಂತಪ್ಪ ನಿಮಗೇನಾಗ್ಬೇಕು?"

"ಭಾಳ ಬೇಕಾದೋನು."

ಬಕ್ಕೇಶಪ್ಪ ಕನ್ನಡಕದ ಮೇಲಿಂದ ಅವನನ್ನು ನೋಡಿದ. "ಹಂಗೇ ಕಾಣ್ತೈತೆ. ಕೇಸಿನ ನಂಬರು?"

"ಗೊತ್ತಿಲ್ಲ."

"ನೋಡ್ರಿ, ಇಲ್ಲಿ ಹೆಸರು ಹಿಡಿದು ಕೂಗಿದ್ರೆ ಯಾವ ಕೇಸೂ ಓ ಅನ್ನಲ್ಲ. ಯಾವ ಕೋರ್ಟು, ಯಾವ ವರ್ಷ, ಎಷ್ಟನೇ ನಂಬರು, ಈ ಮೂರು ಬೇಕು. ನಂಬರಿಲ್ಲ ಅಂದ್ರೆ ವರ್ಷನಾದ್ರೂ ಹೇಳ್ರಿ, ರಿಜಿಸ್ಟರು ತೆಗೆದು ಒಂದೊಂದೇ ಸಾಲು ನೋಡಾನ. ಕೇಸು ವಿಚಾರಣೆ ಮಾಡಿದೋರು ಯಾರು?"

"ಹರಿಹರದ ಅಮಲ್ದಾರರು."

"ಹಂಗಾದ್ರೆ ಬದುಕಿದ್ರಿ. ಅವರು ವಿಚಾರಿಸಿದ ಸಣ್ಣಪುಟ್ಟ ಕೇಸಿನ ಕಾಗದ ಎಲ್ಲಾ ಈಗ ಇಲ್ಲಿಗೇ ಬಂದು ಬಿದ್ದೈತೆ. ವರ್ಷ?"

"ಬಿತ್ತನೆ ಕಾಲ ಸ್ವಾಮಿ. ರೋಹಿಣಿ ಮಳೆ."

"ಮಳೆಯಿಂದ ತಿಂಗಳು ಸಿಕ್ತು. ಮೇ ಕೊನೆ, ಜೂನ್ ಮೊದಲು." ಬಕ್ಕೇಶಪ್ಪನೂ ಹೊಲದ ಮನೆಯವನೇ. "ವರ್ಷ ಹೇಳ್ರಿ. ಸ್ವಾತಂತ್ರ್ಯ ಬರೋಕೆ ಮುಂಚೆಯೋ, ಆಮೇಲೋ?"

ಏಕಾಂತಪ್ಪ ಯೋಚಿಸಿದ. ಊರಲ್ಲಿ ಆ ವರ್ಷ ಏನೇನಾಗಿತ್ತು ಎಂದು ಹುಡುಕಿದ. ಕಣ್ಣಿಗೆ ಬಂದದ್ದು ಒಂದೇ. "ಚೀಟಿ ಬಂದ ದಿನ ಮಗಳು ಬಾಗಿಲಾಗೆ ನಿಂತು ನಗ್ತಿದ್ಲು. ಮುಂದಿನ ಹಾಲುಹಲ್ಲು ಎರಡೂ ಬಿದ್ದಿದ್ವು."

"ಯಾರ ಮಗಳು? ಕೆಂಚವೀರಪ್ಪನ ಮಗಳೋ, ಏಕಾಂತಪ್ಪನ ಮಗಳೋ?"

ಏಕಾಂತಪ್ಪ ಹೊರಗಿದ್ದ ಕಾಲನ್ನು ಒಳಗೆ ತಂದ.

"ನಂದೇ ಸ್ವಾಮಿ. ನಾನೇ ಏಕಾಂತಪ್ಪ. ಹಿಡಿಸ್ತೀರೇನು?"

"ಹಿಡಿಯೋಕೆ ನನಗೆ ಕೈ ಬಿಡುವಿಲ್ಲ. ಆ ಕಡಲೆ ಇತ್ತ ಕೊಡ್ರಿ. ಮಗಳಿಗೆ ಈಗೆಷ್ಟು?"

"ಹದಿನೆಂಟು. ಸೋಮವಾರ ಕೂಸು ಎತ್ಕಂಡು ಹರಿಹರಕ್ಕೆ ಹೋಗ್ಬೇಕು. ನಾನು ಬರ್ದಿದ್ರೆ ಹೋಗಲ್ಲಂತೆ."

"ಹಲ್ಲು ಬೀಳೋದು ಆರು ಏಳರಾಗೆ. ಅಲ್ಲಿಗೆ ಹನ್ನೊಂದು ಹನ್ನೆರಡು ವರ್ಷ. ನಲವತ್ತೇಳು, ಇಲ್ಲ ನಲವತ್ತೆಂಟು. ಹೋಗಿ ಹುಡುಕುವ ಅರ್ಜಿ ಬರೆಸಿ ಸ್ಟಾಂಪು ಅಂಟಿಸ್ಕಂಡು ಬರ್ರಿ. ನಿಮ್ಮ ಹೆಸರಲ್ಲೇ ಬರೆಸ್ರಿ ಮತ್ತೆ."

ಅರ್ಜಿ ಬರೆಸಿಕೊಂಡು ಬರುವಷ್ಟರಲ್ಲಿ ಬಕ್ಕೇಶಪ್ಪ ಎರಡು ರಿಜಿಸ್ಟರುಗಳ ಧೂಳು ಕೊಡವಿ ಇಟ್ಟಿದ್ದ. ಕಡಲೆ ಸುಲಿದು ಬಾಯಿಗೆ ಹಾಕಿಕೊಳ್ಳುತ್ತ, ಸಾಲಿನ ಮೇಲೆ ಬೆರಳಿಟ್ಟು ಓದುತ್ತ ಹೋದ. ನಲವತ್ತೇಳರ ಜೂನಿನಲ್ಲಿ ಜಗಳ, ಜೂಜು, ಲಾಟೀನು ಇಲ್ಲದ ಗಾಡಿ. ಕುಕ್ಕುವಾಡ ಇರಲಿಲ್ಲ. ನಲವತ್ತೆಂಟರದ್ದನ್ನು ಎಳೆದುಕೊಂಡ. ಮೂರನೆಯ ಹಾಳೆಯಲ್ಲಿ ಬೆರಳು ನಿಂತಿತು.

"ಸಿಕ್ತು. ಫಿರ್ಯಾದಿ ಮಾರಣ್ಣ, ದೊಡ್ಡಿ ಕಾವಲು. ಆರೋಪಿ ಏಕಾಂತಪ್ಪ." ಬೆರಳು ಕೊನೆಯ ಕಾಲಮಿಗೆ ಸರಿಯಿತು. "ಕೇಸು ಮುಗಿದೈತಲ್ರೀ. ಹನ್ನೊಂದು ವರ್ಷದ ಹಿಂದೆನೇ ಮುಗಿದೈತೆ."

"ಹೆಂಗೆ ಮುಗೀತೈತೆ ಸ್ವಾಮಿ?"

"ತಡೀರಿ. ಸಣ್ಣ ಕೇಸಿನ ಕಾಗದ ಇಷ್ಟೊತ್ತಿಗೆ ಸುಟ್ಟು ಹಾಕ್ಬೇಕಿತ್ತು. ಹರಿಹರದ ಕಟ್ಟು ಇನ್ನೂ ಬಿಚ್ಚಿಲ್ಲ." ಏಣಿ ಹತ್ತಿ, ಕೆಂಪು ಬಟ್ಟೆಯ ಒಂದು ಗಂಟು ಇಳಿಸಿ, ಅದರೊಳಗಿಂದ ಒಂದು ಹಾಳೆ ತೆಗೆದು ಓದಿದ. "ಆರೋಪಿ ಏಕಾಂತಪ್ಪ ಹಾಜರು. ತಪ್ಪು ಒಪ್ಪಿಕೊಂಡಿದ್ದಾನೆ. ಎತ್ತು ಬಾಯಾರಿತ್ತು, ನೋಡಲಾರದೆ ಬಿಡಿಸಿಕೊಂಡು ಹೋದೆ, ಇನ್ನು ಮೇಲೆ ಮಾಡುವುದಿಲ್ಲ ಎಂದು ಹೇಳಿದ್ದಾನೆ. ಕೋರ್ಟು ಏಳುವವರೆಗೆ ಕೂರುವ ಶಿಕ್ಷೆ. ಶಿಕ್ಷೆ ಅನುಭವಿಸಿದ್ದಾನೆ. ಅಂದ್ರೆ ಸಂಜೆ ಕಚೇರಿ ಮುಗಿಯೋ ತನಕ ಅಲ್ಲೇ ಕೂತಿದ್ರಿ."

"ನಾನು ಹೋಗೇ ಇಲ್ರೀ!"

"ಮೆತ್ತಗೆ ಮಾತಾಡ್ರಿ. ಹೋಗಿದ್ರಿ ಅಂತ ಕಾಗದ ಹೇಳ್ತೈತೆ."

"ಅವತ್ತು ನಾನು ಹೊಲದಾಗಿದ್ದೆ. ನಾನು ಕೂರಿಗೆ ಹೊಡೆದೆ, ನನ್ನ ಹೆಂಡ್ತಿ ಬೀಜ ಬಿಟ್ಲು. ಆಳು ಸಾಲದೆ ಅರ್ಧ ಹೊಲ ಹಂಗೇ ಉಳೀತು. ನನ್ನ ತಮ್ಮ ನೆಂಟರ ಮನೆಗೆ..."

ಅವನ ಕಣ್ಣು ಹಾಳೆಯ ಮೇಲೆ ಬಿತ್ತು. ಏಕಾಂತಪ್ಪನಿಗೆ ಓದು ಬಾರದು. ಆದರೆ ಹಾಳೆಯ ಕೆಳಗೆ ಒತ್ತಿದ್ದ ಎಡಗೈ ಹೆಬ್ಬೆಟ್ಟನ್ನು ನೋಡಲು ಓದು ಬೇಕಿರಲಿಲ್ಲ. ಅದರ ಮೇಲರ್ಧ ಇರಲಿಲ್ಲ. ಕುಡುಗೋಲಿನಿಂದ ಕೊಯ್ದಂತೆ ಅಡ್ಡಕ್ಕೆ ಮುಗಿದಿತ್ತು. ಪ್ರತಿದಿನ ಊಟಕ್ಕೆ ಕೂತು ನೀರಿನ ಚೊಂಬು ಎತ್ತುವಾಗ, ಹಗ್ಗ ಹೊಸೆಯುವಾಗ, ಎತ್ತಿನ ಕೊಂಬು ಸವರುವಾಗ ಅವನು ನೋಡುತ್ತಿದ್ದ ಬೆರಳು ಅದು.

ಬಕ್ಕೇಶಪ್ಪ ಈಗಷ್ಟೇ ಬಂದ ಅರ್ಜಿಯ ಮೇಲಿನ ಹೆಬ್ಬೆಟ್ಟನ್ನು ನೋಡಿದ. ತುಂಬಿದ, ಅಗಲವಾದ ಬೆರಳು. ಹಳೆಯದನ್ನು ನೋಡಿದ. ಏಕಾಂತಪ್ಪನ ಮುಖ ನೋಡಿದ.

"ಆಗ ಮಸಿ ಕಡಿಮೆ ಬಿದ್ದಿರಬೇಕು," ಎಂದು ಹಾಳೆಯನ್ನು ಗಂಟಿನೊಳಗಿಟ್ಟು ಕಟ್ಟಿದ. "ಮಗಳನ್ನ ಕರ್ಕಂಡು ಹೋಗಿ ಬರ್ರಿ. ನಿಮ್ಮ ಮೇಲೆ ಏನೂ ಇಲ್ಲ."

ಮನೆಗೆ ಬಂದ ಏಕಾಂತಪ್ಪ, "ಸೋಮವಾರ ನಾನೂ ಬರ್ತೀನಿ," ಎಂದಷ್ಟೇ ಹೇಳಿದ. "ಮಂಡಿ?" ಎಂದಳು ಕಮಲಕ್ಕ. "ಹೋತು." ಊಟದಲ್ಲಿ ಸಣ್ಣತಿಮ್ಮಪ್ಪ ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದಾಗ ನೀಲಕ್ಕ ಗಂಡನ ಹಳೆಯ ಮಾತಿಗೆ ಕಾದಳು. ಏಕಾಂತಪ್ಪ ತಲೆ ಎತ್ತಲಿಲ್ಲ.

ಸೋಮವಾರ ಕೋಳಿ ಕೂಗುವ ಹೊತ್ತಿಗೆ ಗಾಡಿ ಕಟ್ಟಿದರು. ಸಣ್ಣತಿಮ್ಮಪ್ಪ ಮುಂದೆ ಮೂಕಿಯ ಮೇಲೆ ಕೂತು ಹೊಡೆದ. ಹಿಂದೆ ತೊಟ್ಟಿಲು, ಅದರ ಪಕ್ಕ ಕೂಸು ಎತ್ತಿಕೊಂಡ ಕಮಲಕ್ಕ, ಕಾಲು ಇಳಿಬಿಟ್ಟುಕೊಂಡು ಏಕಾಂತಪ್ಪ. ಹರಿಹರದಲ್ಲಿ ಅಮಲ್ದಾರರು ಕೂರುವ ತಾಲ್ಲೂಕು ಕಚೇರಿ ಕಾಣುವಾಗ ಬಿಸಿಲೇರಿತ್ತು.

"ಗಾಡಿ ನಿಲ್ಸಲೇ," ಎಂದ ಏಕಾಂತಪ್ಪ. ಇಳಿದು ಮುಂದೆ ಬಂದು ನೊಗ ಹಿಡಿದು ನಿಂತ. "ಎಲ್ಲಿ ಕೂರ್ಸಿದ್ರು ನಿನ್ನ?"

ಸಣ್ಣತಿಮ್ಮಪ್ಪ ಎತ್ತಿನ ಬೆನ್ನು ನೋಡುತ್ತಲೇ ಬಾರುಕೋಲಿನಿಂದ ಕಚೇರಿಯ ಜಗಲಿಯ ಮೂಲೆಯ ಕಂಬ ತೋರಿಸಿದ. "ಅಲ್ಲಿ."

"ನನಗ್ಯಾಕ ಹೇಳ್ಲಿಲ್ಲ?"

"ನಿನಗೆ ಹೇಳಿದ್ರೆ ಊರಿಗೆ ಹೇಳ್ದಂಗೆ. ಸುಳ್ಳು ಹೆಸರು ಹೇಳಿ ಕೂತಿದ್ದೆ, ಇಬ್ಬರನ್ನೂ ಒಳಗೆ ಹಾಕಿದ್ರೆ? ಪೊಲೀಸಿನೋರು ಯಾರೂ ಬರ್ಲಿಲ್ಲ ಅಂದ್ಮೇಲೆ ಮುಗೀತು ಅಂತ ನಿನಗೇ ತಿಳಿದಿರ್ತೈತೆ ಅಂದ್ಕಂಡಿದ್ದೆ. ಹೆದ್ರಿಕಂಡು ಕೂತಿದೀಯ ಅಂತ ಯಾವನಿಗೆ ಗೊತ್ತಿತ್ತು? ಮಂಡಿ ಮಂಡಿ ಅಂತಿದ್ದೆ."

"ಹನ್ನೊಂದು ವರ್ಷ ಅಂತಿದ್ನಲ್ಲೋ ನಿನಗೆ, ನೆಂಟರ ಮನೆ, ನೆಂಟರ ಮನೆ ಅಂತ."

"ಅಂತಿದ್ದೆ."

"ಮಧ್ಯಾಹ್ನ ಏನು ಉಂಡೆ ಅವತ್ತು?"

"ಎದ್ದು ಹೋಗಂಗಿಲ್ಲ ಅಂದ್ರೆ ಏನು ಉಣ್ಲಿ? ಜವಾನ ಒಂದು ಚೊಂಬು ನೀರು ಕೊಟ್ಟ."

ಏಕಾಂತಪ್ಪ ನೊಗ ಬಿಟ್ಟ. ನಡೆದುಹೋಗಿ ಜಗಲಿ ಹತ್ತಿ, ಆ ಕಂಬಕ್ಕೆ ಒರಗಿ, ಕಾಲು ಮಡಚಿ ಕೂತುಬಿಟ್ಟ. ಕಚೇರಿಗೆ ಬಂದವರು ಅವನನ್ನು ದಾಟಿಕೊಂಡು ಓಡಾಡಿದರು. ಯಾರೂ ಅವನ ಹೆಸರು ಕೇಳಲಿಲ್ಲ.

"ಅಪ್ಪಗೆ ಏನಾತು ಚಿಗಪ್ಪ?" ಎಂದಳು ಕಮಲಕ್ಕ ಗಾಡಿಯಿಂದ ಇಣುಕಿ. "ಕೂಸಿಗೆ ಬಿಸಿಲು."

ಸಣ್ಣತಿಮ್ಮಪ್ಪ ಹೋಗಿ ಅಣ್ಣನ ಮುಂದೆ ನಿಂತು ಕೈ ಚಾಚಿದ. "ಸಾಕು ಏಳಣ್ಣ. ಕೋರ್ಟು ಎದ್ದೈತೆ."

ಏಕಾಂತಪ್ಪ ಆ ಮೊಂಡು ಹೆಬ್ಬೆರಳನ್ನು ಸೇರಿಸಿ ಗಟ್ಟಿಯಾಗಿ ಹಿಡಿದು ಎದ್ದ.

ಬೀಗಿತ್ತಿ ಕೊಟ್ರವ್ವ ಬಾಗಿಲಲ್ಲೇ ಕಾಲಿಗೆ ನೀರು ಕೊಟ್ಟಳು. ಕುಡಿಯಲು ಕೊಟ್ಟ ಚೊಂಬನ್ನು ಏಕಾಂತಪ್ಪ ನೆಲಕ್ಕಿಡದೆ ಖಾಲಿ ಮಾಡಿದ. "ನಮ್ಮನೆ ನೀರು ಆಗಿಬಂತು ಅನ್ರಿ ಬೀಗರಿಗೆ!" ಎಂದು ಅವಳು ನಕ್ಕಳು. ಊಟಕ್ಕೆ ಅಣ್ಣತಮ್ಮಂದಿರು ಒಂದೇ ಸಾಲಿನಲ್ಲಿ ಕೂತರು. ಹೋಳಿಗೆ ಬಂತು. ಏಕಾಂತಪ್ಪ ತನ್ನ ಎಲೆಯ ಮೇಲಿನದನ್ನೂ ಎತ್ತಿ ತಮ್ಮನ ಎಲೆಗೆ ಹಾಕಿದ.

"ಅಷ್ಟೆಲ್ಲಾ ಯಾಕಣ್ಣ?"

"ಉಣ್ಣಲೇ," ಎಂದ ಏಕಾಂತಪ್ಪ. "ನೆಂಟರ ಮನೆ ಊಟ."