ಆರ್ಲೋನ ಒರೆ ಮತ್ತು ಇಬ್ಬರು ಸೊಸೆಯರು

ಮೊಂಟಾನಾದ ನಮ್ಮ ಕಣಿವೆಯಲ್ಲಿ ಗನ್ ಕೊಳ್ಳುವ ಮುಂಚೆ ಜನ ಸಾಕಷ್ಟು ಯೋಚನೆ ಮಾಡುತ್ತಾರೆ. ಕೈಯಲ್ಲಿ ಹಿಡಿದು ತೂಗಿ ನೋಡುತ್ತಾರೆ, ಭಾವನನ್ನು ಕೇಳುತ್ತಾರೆ, ಕ್ಷೌರದಂಗಡಿಯಲ್ಲಿ ಕೂತು ಚರ್ಚೆ ಮಾಡುತ್ತಾರೆ. ಆದರೆ ಆ ಗನ್ನು ದಿನವೆಲ್ಲ ಕೂತಿರುವ ಚರ್ಮದ ಒರೆಯನ್ನು ಮಾತ್ರ ಬಣ್ಣ ನೋಡಿ ಎತ್ತಿಕೊಂಡು ಬರುತ್ತಾರೆ. ಹುಲ್ಲಿನ ಬಣವೆಯಲ್ಲಿ ಬಾಲವನ್ನು ಗಿಲಕಿಯಂತೆ ಆಡಿಸುವ ವಿಷದ ಹಾವಿದೆ, ಹೊಳೆಯ ದಂಡೆಗೆ ಕರಡಿ ಬರುತ್ತದೆ, ಅದಕ್ಕೇ ಸೊಂಟದಲ್ಲಿ ಗನ್ ಬೇಕು ಎನ್ನುತ್ತಾರೆ. ನಿಜವೇ. ಆದರೆ ಹಾವಿಗಿಂತ, ಕರಡಿಗಿಂತ ನಮಗೆ ಹತ್ತಿರ ಇರುವುದು ಆ ಗನ್ನಿನ ನಳಿಗೆ. ಅದು ಹೊತ್ತು ಮೂಡಿದಾಗಿನಿಂದ ಮುಳುಗುವವರೆಗೆ ನಮ್ಮ ಕಾಲಿನ ಪಕ್ಕದಲ್ಲೇ ಇರುತ್ತದೆ.

ಆಲ್ವಿನಾಳ ಮನೆಯಲ್ಲಿ ನಡೆದದ್ದನ್ನು ಹೇಳುತ್ತೇನೆ, ಕೇಳಿ.

ಆಲ್ವಿನಾಳ ಗಂಡ ಆರ್ಲೋ ತೀರಿಕೊಂಡ ಮೇಲೆ ಅವನ ಗನ್ನಿನ ಒರೆ ಹಿಂಬಾಗಿಲ ಕೋಣೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಕುದುರೆಯ ಜೀನು ಹೊಲಿಯುವ ಒಬ್ಬ ಮುದುಕ ಅದರ ಮೇಲೆ ಕಾಡುಗುಲಾಬಿ ಕೆತ್ತಿಕೊಟ್ಟಿದ್ದ. ಇಡೀ ಕಣಿವೆಯಲ್ಲಿ ಅಂಥದ್ದು ಇನ್ನೊಂದಿರಲಿಲ್ಲ. ಒಂದು ಭಾನುವಾರ ಎಲ್ಲರೂ ಊಟಕ್ಕೆ ಕೂತಾಗ ಆಲ್ವಿನಾ ಅದನ್ನು ತಂದು ಕಿರಿ ಸೊಸೆ ಟೆಸ್ಸಾಳ ತಟ್ಟೆಯ ಪಕ್ಕದಲ್ಲಿಟ್ಟಳು.

“ಆರ್ಲೋನ ರಿವಾಲ್ವರೂ ನಿನ್ನದೂ ಒಂದೇ ಮಾದರಿ. ನೀನೇ ಇಟ್ಕೊ ಮಗಳೇ” ಅಂದಳು.

ಹಿರಿಸೊಸೆ ಮಾರ್ವಾ ಬಾಯಿಗೆ ಎತ್ತಿದ್ದ ಆಲೂಗಡ್ಡೆಯನ್ನು ತಟ್ಟೆಗೇ ವಾಪಸ್ ಹಾಕಿದಳು. ಮಾದರಿಯ ಮಾತು ಅವಳ ಕಿವಿಗೆ ಬೀಳಲಿಲ್ಲ. ‘ಮಗಳೇ’ ಎಂದದ್ದು ಮಾತ್ರ ಬಿತ್ತು.

ಮನೆಗೆ ಮರಳುವಾಗ ಪಿಕಪ್ ಗಾಡಿಯಲ್ಲಿ ಗಂಡ ಲೈಲ್‌ನನ್ನು ತರಾಟೆಗೆ ತೆಗೆದುಕೊಂಡಳು.

“ನಿಮ್ಮಪ್ಪ ಹಾಸಿಗೆ ಹಿಡಿದಾಗ ಗಂಜಿ ಕುಡಿಸಿದ್ದು ಯಾರು?”

“ನೀನೇ.”

“ಚಳಿಗಾಲದಲ್ಲಿ ಹಿಮ ಬಗೆದು ದನಗಳಿಗೆ ಹುಲ್ಲು ಹಾಕಿದ್ದು ಯಾರು?”

“ನೀನೇ ಕಣೇ. ಒಂದು ಚರ್ಮದ ತುಂಡಿಗೆ ಇಷ್ಟೊಂದು...”

“ಚರ್ಮದ ತುಂಡಂತೆ! ಮುಂದೆ ಕರುಗಳಿಗೆ ಮುದ್ರೆ ಹಾಕೋ ದಿನ ಕುದುರೆ ಮೇಲೂ ಅವಳನ್ನೇ ಕೂರಿಸ್ತಾರೆ, ನೋಡ್ತಿರು. ನಾನು ಸಗಣಿಯಲ್ಲಿ ಹೊರಳಾಡ್ತೀನಿ.”

ಅವಳ ಉರಿಯ ಬೇರು ಅಲ್ಲಿತ್ತು. ವಸಂತದಲ್ಲಿ ಕರುಗಳ ಮೈಮೇಲೆ ಕಾದ ಕಬ್ಬಿಣದಿಂದ ಮನೆಯ ಗುರುತಿನ ಮುದ್ರೆ ಹಾಕುವ ದಿನ ಅಕ್ಕಪಕ್ಕದ ಮನೆಯವರೆಲ್ಲ ಕೈಜೋಡಿಸಲು ಬರುತ್ತಾರೆ. ಕುದುರೆಯ ಮೇಲೆ ಕೂತು ಕುಣಿಕೆ ಎಸೆದು ಕರುವನ್ನು ಬೆಂಕಿಯ ಹತ್ತಿರ ಎಳೆದು ತರುವವರು ಯಾರು, ನೆಲದಲ್ಲಿ ಅದನ್ನು ಒತ್ತಿ ಹಿಡಿಯುವವರು ಯಾರು ಎಂಬುದನ್ನು ಮನೆಯ ಹಿರಿಯರು ಹೇಳುತ್ತಾರೆ. ಯಾರೂ ತಾವಾಗಿ ಕೇಳುವಂತಿಲ್ಲ. ಕುದುರೆ ಸಿಕ್ಕವರಿಗೆ ಆ ವರ್ಷವೆಲ್ಲ ತಲೆ ಎತ್ತಿ ಓಡಾಡುವ ಸುಖ. ಮಾರ್ವಾ ಮದುವೆಯಾಗಿ ಬಂದಾಗಿನಿಂದ ನೆಲದಲ್ಲೇ ಇದ್ದಳು. ಆರ್ಲೋ ಬದುಕಿದ್ದಾಗ ಕುಣಿಕೆ ಅವನದಾಗಿತ್ತು. ಈ ಸಲ ಸೊಸೆಯರಲ್ಲಿ ಒಬ್ಬಳಿಗೆ ಎಂದು ಆಲ್ವಿನಾ ಹೇಳಿದ್ದಳು. ಯಾರಿಗೆ ಎಂದು ಹೇಳಿರಲಿಲ್ಲ.

ಎರಡು ವಾರ ಮಾರ್ವಾಳಿಗೆ ಸರಿಯಾಗಿ ನಿದ್ದೆ ಬರಲಿಲ್ಲ. ಕೊನೆಗೆ ತಡೆಯಲಾರದೆ ಟೆಸ್ಸಾಳ ಅಡುಗೆಮನೆಗೆ ನುಗ್ಗಿದಳು. ಒರೆ ಅಲ್ಲಿ ಗೋಡೆಯ ಮೇಲಿತ್ತು.

“ಅದು ಹಿರಿಸೊಸೆಗೆ ಬರಬೇಕಾದದ್ದು” ಅಂದಳು.

ಟೆಸ್ಸಾ ಕಾಫಿ ಬಗ್ಗಿಸುತ್ತಿದ್ದವಳು ತಿರುಗಿ ನೋಡಿದಳು. “ತಗೊಂಡು ಹೋಗು. ನಾನು ಅದನ್ನ ಹಾಕ್ಕೊಳ್ಳೋದಿಲ್ಲ.”

ಜಗಳಕ್ಕೆಂದೇ ಬಂದವಳಿಗೆ ಜಗಳವೂ ಸಿಗಲಿಲ್ಲ. ಮಾರ್ವಾಳ ಹೊಟ್ಟೆ ಇನ್ನಷ್ಟು ಉರಿಯಿತು. ತಾನು ನಿದ್ದೆಗೆಟ್ಟು ಬಯಸಿದ್ದನ್ನು ಇವಳು ಹಳೇ ಬಟ್ಟೆ ಕೊಟ್ಟಂತೆ ಕೊಡುತ್ತಾಳಲ್ಲ!

“ಆದ್ರೆ ಮಾರ್ವಾ, ಸೊಂಟಕ್ಕೆ ಕಟ್ಟಬೇಡ. ಚರ್ಮ ಮೆತ್ತಗಾಗಿದೆ. ಅದೂ ಅಲ್ದೆ ಅದು ರಿವಾಲ್ವರಿನ ಒರೆ, ನಿನ್ನದು ಪಿಸ್ತೂಲು, ಆಕಾರವೇ ಬೇರೆ” ಎಂದಳು ಟೆಸ್ಸಾ.

“ಆಹಾ! ನಿನ್ನ ಗೋಡೆ ಮೇಲಿದ್ದಾಗ ಚೆನ್ನಾಗಿತ್ತು, ನನ್ನ ಸೊಂಟಕ್ಕೆ ಬಂದ ತಕ್ಷಣ ಮೆತ್ತಗಾಯ್ತಾ? ಹೊಟ್ಟೆಕಿಚ್ಚು ಪಡೋಕೂ ಒಂದು ಮಿತಿ ಬೇಡ್ವೇನೇ?”

ಟೆಸ್ಸಾ ಒರೆಯನ್ನು ಗೋಡೆಯಿಂದ ಇಳಿಸಿ ಅವಳ ಕೈಗಿಟ್ಟಳು. ಅಂದಿನಿಂದ ಮಾರ್ವಾ ಅದನ್ನು ಕಟ್ಟಿಕೊಂಡೇ ಬೇಲಿ ರಿಪೇರಿಗೆ ಹೋದಳು, ಅಂಚೆ ತರಲು ಹೋದಳು, ಚರ್ಚಿನ ಮೈದಾನದ ಊಟಕ್ಕೂ ಹೋದಳು. ಗನ್ ಒಳಗೆ ಸ್ವಲ್ಪ ಲೊಡಲೊಡ ಎನ್ನುತ್ತಿತ್ತು. ಅವಳು ಅದರ ಮೇಲೊಂದು ಕೈ ಇಟ್ಟುಕೊಂಡು ನಡೆದಳು. ನೋಡುವವರಿಗೆ ಅದು ಗತ್ತಿನ ನಡಿಗೆ.

ಮುದ್ರೆ ಹಾಕುವ ದಿನ ಬೆಳಿಗ್ಗೆ ಎಲ್ಲರೂ ಆಲ್ವಿನಾಳ ಮನೆಯಲ್ಲಿ ಸೇರಿದರು. ಹೊರಗೆ ಕರುಗಳು ತಾಯಂದಿರನ್ನು ಕೂಗುತ್ತಿದ್ದವು. ಮಾರ್ವಾಳ ಸೊಂಟ ನೋಡಿ ಟೆಸ್ಸಾ ಹತ್ತಿರ ಬಂದಳು.

“ಒಂದು ಪಂದ್ಯ ಕಟ್ಟೋಣ್ವಾ? ಗನ್ ಖಾಲಿ ಮಾಡು. ಒರೆಯಲ್ಲಿ ಇಟ್ಟು ತಲೆಕೆಳಗೆ ಮಾಡಿ ಅಲ್ಲಾಡಿಸು. ಅದು ಬೀಳಲಿಲ್ಲ ಅಂದ್ರೆ ಇವತ್ತೆಲ್ಲ ನಾನು ನೆಲದಲ್ಲಿರ್ತೀನಿ. ಅತ್ತೆ ಕುದುರೆ ನನಗೆ ಕೊಟ್ಟರೂ ನಾನು ಹತ್ತಲ್ಲ.”

ಬುದ್ಧಿಮಾತನ್ನು ಕೇಳದಿದ್ದ ಮಾರ್ವಾಳಿಗೆ ಈ ಮಾತು ಚೆನ್ನಾಗಿಯೇ ಕೇಳಿಸಿತು. “ಎಲ್ಲರೂ ಕೇಳಿಸ್ಕೊಂಡ್ರಲ್ಲ? ಆಮೇಲೆ ಮಾತು ತಪ್ಪಿಸಬಾರದು” ಎಂದಳು.

ಮಲಗುವ ಕೋಣೆಗೆ ಹೋದರು. ಮಾರ್ವಾ ಪಿಸ್ತೂಲಿನಿಂದ ಗುಂಡು ತುಂಬಿದ ಮ್ಯಾಗಜೀನ್ ತೆಗೆದಳು, ನಳಿಗೆಯ ಬುಡದಲ್ಲಿ ಕೂತಿದ್ದ ಗುಂಡನ್ನೂ ಹೊರಗೆ ಹಾಕಿದಳು. ಲೈಲ್ ಆ ಜಾಗ ಖಾಲಿಯೇ ಎಂದು ಇಣುಕಿ ನೋಡಿದ. ಟೆಸ್ಸಾ ಕಿರುಬೆರಳು ಹಾಕಿ ತಡವಿ ನೋಡಿದಳು. ಗುಂಡುಗಳನ್ನು ಬೇರೆ ಕೋಣೆಯಲ್ಲಿಟ್ಟು ಬಂದರು. ಮಾರ್ವಾ ಒರೆಯನ್ನು ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದಳು. ಅಲ್ಲಾಡಿಸಬೇಕಾಗಿಯೂ ಬರಲಿಲ್ಲ. ಪಿಸ್ತೂಲು ದೊಪ್ಪನೆ ಬಿತ್ತು.

“ನಾನೇನು ತಲೆಕೆಳಗಾಗಿ ಕುದುರೆ ಸವಾರಿ ಮಾಡ್ತೀನಾ?” ಎಂದು ರೇಗಿದಳು.

“ಕುದುರೆ ಬೀಳಿಸಿದ್ರೆ ಮಾಡ್ತೀಯ” ಎಂದ ಲೈಲ್.

“ನೀನು ಯಾರ ಕಡೆ?”

“ಸರಿ, ಇನ್ನೊಂದು ನೋಡೋಣ” ಎಂದಳು ಟೆಸ್ಸಾ. “ಬೆಲ್ಟನ್ನ ಆ ಕುರ್ಚಿಯ ಬೆನ್ನಿಗೆ ಕಟ್ಟು, ಸೊಂಟದ ಮೇಲೆ ಬೇಡ. ಎಡಗೈಯಲ್ಲಿ ಲಗಾಮು ಇದೆ ಅಂದ್ಕೊ. ಬಲಗೈ ಒಂದರಲ್ಲೇ ಗನ್ನನ್ನ ವಾಪಸ್ ಒರೆಗೆ ಹಾಕು.”

ಗನ್ ಹೊರಗೆ ಬಂದಿದ್ದರಿಂದ ಒರೆಯ ಬಾಯಿ ಮುಚ್ಚಿಕೊಂಡಿತ್ತು. ಮಾರ್ವಾ ನಳಿಗೆಯ ತುದಿಯಿಂದಲೇ ಅದನ್ನು ಬಿಡಿಸಿ ತೂರಿಸಿದಳು. ಅರ್ಧಕ್ಕೆ ಸಿಕ್ಕಿಕೊಂಡಿತು. ಇನ್ನಷ್ಟು ಒತ್ತಿದಳು.

ಟಕ್.

ಅವಳ ಬೆರಳು ಟ್ರಿಗರಿನ ಮೇಲಿರಲಿಲ್ಲ. ಎಲ್ಲರೂ ನೋಡುತ್ತಿದ್ದರು. ಮಡಚಿಕೊಂಡ ಚರ್ಮದ ಅಂಚು ಟ್ರಿಗರಿನ ಸುತ್ತಲಿನ ಬಳೆಯೊಳಗೆ ನುಗ್ಗಿತ್ತು. ಅವಳು ಒತ್ತಿದಂತೆಲ್ಲ ಅದು ಬೆರಳಿನ ಹಾಗೆ ಟ್ರಿಗರನ್ನು ಎಳೆದಿತ್ತು. ಲೈಲ್ ಬಗ್ಗಿ ನಳಿಗೆ ಯಾವ ಕಡೆಗಿದೆ ಎಂದು ನೋಡಿದ. ಅಲ್ಲಿ ಕುರ್ಚಿಯ ಕಾಲಿತ್ತು. ನಿನ್ನೆ ಅಲ್ಲಿ ಮಾರ್ವಾಳ ಕಾಲಿತ್ತು. ಅವನು ಗನ್ನನ್ನು ಒರೆಯಿಂದ ಬಿಡಿಸಿ ಹಾಸಿಗೆಯ ಮೇಲಿಟ್ಟ.

ಮಾರ್ವಾಳ ದನಿ ಸಣ್ಣದಾಯಿತು. “ನಿನಗೆ ಇದು ಮೊದಲೇ ಗೊತ್ತಿತ್ತಾ?”

“ಅತ್ತೆ ಕೊಟ್ಟ ದಿನವೇ ನನ್ನ ರಿವಾಲ್ವರ್ ಖಾಲಿ ಮಾಡಿ ನೋಡಿದೆ. ಅದೂ ಬಿತ್ತು. ಅದಕ್ಕೇ ಗೋಡೆಗೆ ಹಾಕಿದ್ದೆ.”

“ಮತ್ತೆ ಹೇಳಬಾರದಿತ್ತೇನೇ?”

“ಹೇಳಿದ್ನಲ್ಲ. ಹೊಟ್ಟೆಕಿಚ್ಚು ಅಂದೆ.”

ಆಲ್ವಿನಾ ಬಾಗಿಲಲ್ಲಿ ನಿಂತಿದ್ದಳು. “ಆರ್ಲೋ ಇದಕ್ಕೆ ಪ್ರತಿ ವರ್ಷ ಎಣ್ಣೆ ಕುಡಿಸ್ತಿದ್ದ. ಮೆತ್ತಗಿದ್ರೆ ಒಳ್ಳೇದು ಅಂತಿದ್ದ. ಅವನ ಅದೃಷ್ಟ ದೊಡ್ಡದು” ಎಂದಳು.

ಆಮೇಲೆ ಟೆಸ್ಸಾ ತನ್ನ ಒರೆಯನ್ನು ಬಿಚ್ಚಿ ತೋರಿಸಿದಳು. ಹೂವಿಲ್ಲ, ಬಳ್ಳಿಯಿಲ್ಲ, ಕಂದು ಬಣ್ಣದ ದಪ್ಪ ಚರ್ಮ. ಅಷ್ಟು ದಿನ ಅದು ಅವಳ ಸೊಂಟದಲ್ಲೇ ಇತ್ತು, ಮಾರ್ವಾ ಒಮ್ಮೆಯೂ ನೋಡಿರಲಿಲ್ಲ.

“ಇದನ್ನ ನನ್ನ ಗನ್ನಿನ ಅಳತೆಗೇ ಅಚ್ಚು ಹಾಕಿದ್ದಾರೆ. ಬಾಯಿಗೆ ಇನ್ನೊಂದು ಪಟ್ಟಿ ಹೊಲಿದಿದ್ದಾರೆ, ಗನ್ ತೆಗೆದ್ರೂ ಬಾಯಿ ತೆರೆದೇ ಇರುತ್ತೆ. ಟ್ರಿಗರಿನ ಬಳೆ ಪೂರ್ತಿ ಮುಚ್ಚಿದೆ, ನೋಡು, ಬೆರಳು ತೂರಲ್ಲ. ಹಿಂದೆ ಬೆಲ್ಟಿನ ಸೀಳು ಬಿಗಿಯಾಗಿದೆ. ಪ್ಯಾಂಟಿನ ತೆಳು ಬೆಲ್ಟಾದ್ರೆ ಒರೆ ಜೋಲಾಡುತ್ತೆ, ಗನ್ ಎಳೆದ್ರೆ ಒರೆಯೂ ಜೊತೆಗೇ ಬರುತ್ತೆ.”

“ಹೊಸದು ತುಂಬಾ ಬಿಗಿ ಇರಲ್ವಾ?” ಮಾರ್ವಾಳ ಅನುಮಾನ ಇನ್ನೂ ಸತ್ತಿರಲಿಲ್ಲ.

“ಇರುತ್ತೆ. ಖಾಲಿ ಗನ್ನನ್ನ ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಒಂದು ರಾತ್ರಿ ಒಳಗಿಟ್ಟರೆ ಹದಕ್ಕೆ ಬರುತ್ತೆ. ಎಣ್ಣೆ ಮಾತ್ರ ಹಾಕಬೇಡ.”

“ಯಾರ ಹತ್ರ ಮಾಡಿಸಿದ್ದು?”

“ಹೇಳ್ತೀನಿ.”

“ನನ್ನದಕ್ಕೆ ಹೂವು ಕೆತ್ತಿಸ್ತೀನಿ. ನಿನ್ನದಕ್ಕಿಂತ ಚೆನ್ನಾಗಿರಬೇಕು.”

“ಒರೆಯ ಬಾಯಿ ಗಟ್ಟಿ ಇರಲಿ, ತೋಟವನ್ನೇ ಕೆತ್ತಿಸ್ಕೊ.”

ಪಂದ್ಯ ಸೋತವಳು ತಾನೇ ಎಂದು ಮಾರ್ವಾ ಕೈಗವಸು ಹಾಕಿಕೊಂಡು ನೆಲದ ಕೆಲಸಕ್ಕೆ ಹೊರಟಳು. ಆಲ್ವಿನಾ ತಡೆದಳು.

“ಎಲ್ಲಿಗೆ? ನಿನಗೆ ಬೂದು ಕುದುರೆ. ಆರ್ಲೋ ಹೋಗೋಕೆ ಮುಂಚೆನೇ ಹೇಳಿದ್ದ, ಕುಣಿಕೆ ಮಾರ್ವಾಗೆ ಕೊಡು, ಅವಳ ಕೈ ನೇರ ಅಂತ. ಒರೆ ಯಾರದ್ದು ಅಂತ ನೋಡಿ ನಾನು ಕುದುರೆ ಕೊಡ್ತೀನಾ? ಗನ್ ಪೆಟ್ಟಿಗೆಗೆ ಹಾಕಿ ಬೀಗ ಹಾಕು, ಹೋಗು. ಕರುಗಳ ಮಧ್ಯೆ ಅದ್ಯಾಕೆ ನಿನಗೆ?”

ಮಾರ್ವಾ ಗನ್ನಿಗೆ ಬೀಗ ಹಾಕಿ ಬಂದು ಬೂದು ಕುದುರೆ ಹತ್ತಿದಳು. ಆ ದಿನ ಅವಳು ಎಸೆದ ಕುಣಿಕೆ ತಪ್ಪಿದ್ದು ಕಡಿಮೆ. ಕೆಳಗೆ ಸಗಣಿಯಲ್ಲಿ ಮಂಡಿಯೂರಿ ಕರುವಿನ ಕಾಲು ಹಿಡಿದಿದ್ದ ಟೆಸ್ಸಾ ತಲೆಯೆತ್ತಿ ಕೂಗಿದಳು: “ಏ ಮಾರ್ವಾ, ಈಗ ನಿಜವಾಗ್ಲೂ ನನಗೆ ಹೊಟ್ಟೆ ಉರೀತಿದೆ ಕಣೇ!”

“ಉರೀಲಿ, ಉರೀಲಿ!” ಎಂದು ಮಾರ್ವಾ ಮುಂದಿನ ಕರುವಿನತ್ತ ಕುದುರೆ ತಿರುಗಿಸಿದಳು. ಎರಡೂ ಕಾಲು ಗಟ್ಟಿಯಾಗಿ ಜೀನಿನ ರಿಕಾಪುಗಳಲ್ಲಿದ್ದವು.

ಅದೇ ವಾರ ಆಲ್ವಿನಾ, ಲೈಲ್, ಅವನ ತಮ್ಮ, ಎಲ್ಲರೂ ತಮ್ಮ ತಮ್ಮ ಒರೆಗಳನ್ನು ಹೀಗೆಯೇ ನೋಡಿದರು. ಲೈಲ್‌ನ ಗನ್ನೂ ಬಿತ್ತು. ಅವನು ಯಾರಿಗೂ ಹೇಳಬೇಡಿ ಎಂದಿದ್ದ.

ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಒಂದು ಒರೆ ಇರಬಹುದು. ಇವತ್ತೇ ಗನ್ ಖಾಲಿ ಮಾಡಿ, ಇನ್ನೊಬ್ಬರಿಂದಲೂ ನೋಡಿಸಿ, ಗುಂಡುಗಳನ್ನು ಬೇರೆ ಕೋಣೆಯಲ್ಲಿಡಿ. ಹಾಸಿಗೆಯ ಮೇಲೆ ಒರೆಯನ್ನು ತಲೆಕೆಳಗೆ ಹಿಡಿದು ಅಲ್ಲಾಡಿಸಿ. ಗನ್ ತೆಗೆದ ಮೇಲೆ ಬಾಯಿ ಮುಚ್ಚಿಕೊಳ್ಳುತ್ತದೆಯೇ ನೋಡಿ. ಟ್ರಿಗರ್ ಎಲ್ಲಿಂದಾದರೂ ಬೆರಳಿಗೆ ಸಿಗುತ್ತದೆಯೇ ತಡವಿ. ಹೊಸದು ಕೊಳ್ಳಲು ಹೋದಾಗ ನಿಮ್ಮ ಗನ್ನಿನ ಮಾದರಿ ಹೇಳಿ ಕೇಳಿ, ಪಕ್ಕದ ಮನೆಯವರದ್ದನ್ನು ತೋರಿಸಿ ಅಂಥದ್ದೇ ಕೊಡಿ ಎನ್ನಬೇಡಿ. ಹಳೆಯ ಒರೆಯಲ್ಲಿ ತೀರಿಕೊಂಡ ಯಾರದೋ ನೆನಪು ಇದ್ದರೆ ಅದನ್ನು ಎಸೆಯಬೇಕಾಗಿಲ್ಲ. ಗೋಡೆಗೆ ಹಾಕಿ, ದಿನವೂ ನೋಡಿ. ಸೊಂಟಕ್ಕೆ ಮಾತ್ರ ಕಟ್ಟಬೇಡಿ.